ರಾಕ್ ಅಣ್ಣನ ಒಂಟಿ ಆಲ್ಬಮ್

ಹಾಡುವವರ ಜೊತೆ ಬದುಕಿದವನಿಗೆ ನಗೆಪಾಟಲಿನ ಸಂಗತಿಗಳಿಗೆ ಬರ ಇಲ್ಲ. ಒಂದನ್ನು ಮರೆಯುವ ಮೊದಲೇ ಇನ್ನೊಂದು ಬಂದು ಬಾಗಿಲು ತಟ್ಟುತ್ತದೆ.

ನಲವತ್ತು ವರ್ಷದ ಹಿಂದೆ ಮೂಡುಬಿದಿರೆಯಲ್ಲಿ ನಾವು ನಾಲ್ಕು ಮಂದಿ ಒಂದು ರಾಕ್ ಬ್ಯಾಂಡ್ ಕಟ್ಟಿದ್ದೆವು. ನಾನು ಡ್ರಮ್ ಬಾರಿಸುವವ. ಹಾಡುತ್ತಿದ್ದವರು ನಮಗೆಲ್ಲ ಹಿರಿಯರು, ಊರಿಗೇ ಅವರು ‘ರಾಕ್ ಅಣ್ಣ’. ಆಗ ಅವರಿಗೆ ಸೊಂಟದವರೆಗೆ ಕೂದಲಿತ್ತು. ಈಗ ಕೂದಲಿಲ್ಲ, ಸೊಂಟಕ್ಕೆ ಬೆಲ್ಟ್ ಉಂಟು, ಡಾಕ್ಟರು ಕೊಟ್ಟದ್ದು.

ಬ್ಯಾಂಡ್ ನಿಂತು ಯಾವ ಕಾಲವಾಯಿತೋ. ನಾನು ಬಂಟ್ವಾಳದಲ್ಲಿ ಮೈಕ್ ಸೆಟ್ಟಿನ ಅಂಗಡಿ ಇಟ್ಟುಕೊಂಡಿದ್ದೇನೆ. ಅರವತ್ತಮೂರನೆಯ ವಯಸ್ಸಿನಲ್ಲಿ ಅಣ್ಣನಿಗೆ, ತಾನೊಬ್ಬನೇ ಒಂದು ಆಲ್ಬಮ್ ಮಾಡಬೇಕು ಅಂತ ಕಂಡಿತು. ಎಂಟು ಹಾಡು, ಎಲ್ಲ ಕನ್ನಡದ್ದು. ಬರೆದದ್ದು, ಹಾಡಿದ್ದು, ಗಿಟಾರ್ ನುಡಿಸಿದ್ದು ಅವರೇ. ಬೊಬ್ಬೆ ಇಲ್ಲ, ಡ್ರಮ್ಮೂ ಇಲ್ಲ. “ಬೇಸರ ಮಾಡಬೇಡ ಮಾರಾಯ, ಈ ಪ್ರಾಯದಲ್ಲಿ ಸ್ವಲ್ಪ ಮೆಲ್ಲ ಹಾಡುವ” ಎಂದರು. ಹಾಡುಗಳನ್ನು ಪೆನ್‌ಡ್ರೈವಿಗೆ ತುಂಬಿಸಿ ಹಂಚುವುದು ಮತ್ತು ಜನ ಎಂತ ಹೇಳಿದರು ಅಂತ ವರದಿ ಒಪ್ಪಿಸುವುದು ನನ್ನ ಪಾಲಿಗೆ ಬಂತು. ಎರಡನೆಯದು ಕಷ್ಟದ ಕೆಲಸ.

೧. ಬಿಡುಗಡೆ

ಬಿಡುಗಡೆ ಮೂಡುಬಿದಿರೆಯಲ್ಲಿ. ಮುಖ್ಯ ಅತಿಥಿಗಳು ಒಬ್ಬ ನಿವೃತ್ತ ಹೆಡ್‌ಮಾಸ್ಟರು. ಆಲ್ಬಮ್ ಕೇಳಲಿಕ್ಕೆ ಅವರಿಗೆ ಪುರುಸೊತ್ತು ಆಗಿರಲಿಲ್ಲ, ಮಾತಾಡಲಿಕ್ಕೆ ಬೇಕಾದಷ್ಟು ಇತ್ತು. ರಾಕ್ ಸಂಗೀತದಿಂದ ಯುವಜನತೆ ಹೇಗೆ ಹಾಳಾಗುತ್ತದೆ, ಕಿವಿಯ ತಮಟೆಗೆ ಏನಾಗುತ್ತದೆ, ಸಂಸ್ಕೃತಿಗೆ ಏನಾಗುತ್ತದೆ ಎಂದು ನಲವತ್ತು ನಿಮಿಷ ವಿವರಿಸಿದರು. ಕೊನೆಗೆ ಅಣ್ಣನ ಹೆಗಲಿಗೆ ಶಾಲು ಹೊದಿಸಿ, “ಇಂಥ ದುಶ್ಚಟದಿಂದ ಹೊರಗೆ ಬಂದ ಇವರು ನಮಗೆಲ್ಲ ಮಾದರಿ” ಎಂದರು.

ಸಭೆ ಚಪ್ಪಾಳೆ ತಟ್ಟಿತು. ಅಣ್ಣ ಕೈಮುಗಿದು ಮೈಕಿನ ಹತ್ತಿರ ಬಗ್ಗಿದರು. “ಸರ್, ನಾನು ಬಿಟ್ಟಿಲ್ಲ. ಡೋಸ್ ಕಡಿಮೆ ಮಾಡಿದ್ದು ಮಾತ್ರ.”

೨. ಹಳೆಯ ಅಭಿಮಾನಿ

ಬಂಟ್ವಾಳದ ಒಬ್ಬ ಹೋಟೆಲಿನವರು ನಮ್ಮ ಬ್ಯಾಂಡಿನ ಮೊದಲ ಅಭಿಮಾನಿ. ಪೆನ್‌ಡ್ರೈವ್ ಕೊಟ್ಟು ವಾರ ಕಳೆದು ನಾನು ಹೋದಾಗ ಬನ್ಸ್ ಮತ್ತು ಚಾ ತರಿಸಿ, ಸಾವಿನ ಮನೆಗೆ ಬಂದವರ ಹಾಗೆ ನನ್ನೆದುರು ಕೂತರು.

“ನಿಮ್ಮ ಆಗಿನ ಹಾಡಿನಲ್ಲಿ ಒಂದು ಶಬ್ದ ಆದರೂ ಅರ್ಥ ಆಗ್ತಿತ್ತಾ?”

“ಇಲ್ಲ.”

“ಎಷ್ಟು ಚೆಂದ ಇತ್ತು! ಈಗ ಎಲ್ಲ ಅರ್ಥ ಆಗ್ತದೆ ಮಾರಾಯ್ರೆ, ಅದೇ ತೊಂದರೆ.”

ನಾನು ಅಣ್ಣನಿಗೆ ಫೋನ್ ಮಾಡಿ, “ಸಾಹಿತ್ಯ ಬಹಳ ಸ್ಪಷ್ಟ ಉಂಟಂತೆ” ಎಂದೆ. ಅಣ್ಣ ಖುಷಿಯಾಗಿ, “ಅವರಿಗೆ ಇನ್ನೆರಡು ಪೆನ್‌ಡ್ರೈವ್ ಕೊಡು” ಎಂದರು.

೩. ಬಸ್ಸಿನಲ್ಲಿ

ಧರ್ಮಸ್ಥಳದಿಂದ ಬೆಳ್ತಂಗಡಿಗೆ ಬರುವ ಬಸ್ಸಿನ ಡ್ರೈವರಿಗೂ ಒಂದು ಕೊಟ್ಟಿದ್ದೆ. ಒಂದು ದಿನ ನಾವಿಬ್ಬರೂ ಅದೇ ಬಸ್ಸು ಹತ್ತಿದೆವು. ಅಣ್ಣನನ್ನು ಕಂಡದ್ದೇ ಡ್ರೈವರು ಮರ್ಯಾದೆಗೆ ಪೆನ್‌ಡ್ರೈವ್ ಹಾಕಿದರು. ಅವರೂ ಅದನ್ನು ಕೇಳುತ್ತಿದ್ದದ್ದು ಅದೇ ಮೊದಲು ಅಂತ ಆಮೇಲೆ ಗೊತ್ತಾಯಿತು.

ಮೊದಲ ಹಾಡಿಗೆ ಮುಂಚೆ ಒಂದು ನಿಮಿಷ ಬರೀ ‘ಗುಂಯ್’ ಎನ್ನುವ ನಾದ ಉಂಟು. ಅಣ್ಣನ ಪ್ರಕಾರ ಅದು ಹುಟ್ಟುವ ಮೊದಲಿನ ಮೌನ. ಬಸ್ಸು ಹೊರಟು ವೇಗ ಹಿಡಿಯುವಾಗ ಅದು ಶುರುವಾಯಿತು. ಡ್ರೈವರು ಬಸ್ಸನ್ನು ಬದಿಗೆ ಹಾಕಿದರು. ಹಿಂದಿನಿಂದ ಒಬ್ಬರು, “ಬೇರಿಂಗ್ ಹೋಗಿದೆ” ಎಂದು ತೀರ್ಪು ಕೊಟ್ಟರು. ಕಂಡಕ್ಟರು ಇಳಿದು ನಾಲ್ಕೂ ಬದಿ ಚಕ್ರಕ್ಕೆ ಒದ್ದು ನೋಡಿದರು. ಅಷ್ಟರಲ್ಲಿ ನಾದ ನಿಂತು ಗಿಟಾರ್ ಶುರುವಾಯಿತು.

“ಸರಿಯಾಯ್ತು! ರೈಟ್, ಪೋಯಿ!” ಎಂದು ಕಂಡಕ್ಟರು ಹತ್ತಿಕೊಂಡರು.

ಅಣ್ಣ ಕಿಟಕಿಯ ಹೊರಗೆ ನೋಡುತ್ತಾ ಕೂತರು. ಮುಂದಿನ ಸೀಟಿನ ಅಜ್ಜಿ ಸ್ವಲ್ಪ ಹೊತ್ತು ಹಾಡು ಕೇಳಿ, ತಿರುಗಿ ಅಣ್ಣನಿಗೇ ಹೇಳಿದರು: “ಗಾಡಿ ಏನೋ ರಿಪೇರಿ ಆಯ್ತು. ಈ ಪದ್ಯವನ್ನು ಸಹ ಯಾರಾದ್ರೂ ಇಳಿದು ನೋಡಬೇಕಿತ್ತು.”

೪. ಅತ್ತಿಗೆಯ ಸಂಶಯ

ಆಲ್ಬಮಿನಲ್ಲಿ ಮೂರನೆಯದು ವಿರಹದ ಹಾಡು. ‘ಬೆನ್ನ ಮೇಲೆ ಹರಿದವಳೇ, ಹೇಳದೆ ಹೋದೆಯಾ’ ಎಂದು ಶುರುವಾಗುತ್ತದೆ. ಅತ್ತಿಗೆ ಅದನ್ನು ಕೇಳಿದಂದಿನಿಂದ ಅಣ್ಣನ ಹತ್ತಿರ ಮಾತು ಬಿಟ್ಟರು. ನಾನು ಹೋದಾಗ ಚಾ ಲೋಟವನ್ನು ಟಕ್ಕೆಂದು ಇಟ್ಟು, “ನೀವು ಜೊತೆಗೇ ಇದ್ದವರಲ್ಲ, ಯಾರವಳು?” ಎಂದು ಕೇಳಿದರು. ನನಗೂ ಗೊತ್ತಿರಲಿಲ್ಲ. ಅಣ್ಣ ತಲೆ ತಗ್ಗಿಸಿ ಕೂತಿದ್ದರು.

“ಹೇಳಿ ಬಿಡಿ ಅಣ್ಣ, ಇಷ್ಟು ವರ್ಷ ಆಯ್ತಲ್ಲ” ಎಂದೆ.

ಅಣ್ಣ ತನ್ನ ಬೋಳುತಲೆಯನ್ನು ಸವರಿಕೊಂಡರು. “ಅದು ನನ್ನ ಕೂದಲಿನ ಬಗ್ಗೆ ಬರೆದದ್ದು.”

೫. ವಿಮರ್ಶೆ

ಒಂದು ವಾರಪತ್ರಿಕೆಯಲ್ಲಿ ವಿಮರ್ಶೆ ಬಂತು. ಬರೆದವರು ಸಾಹಿತ್ಯ ಪಾಠ ಮಾಡುವ ಒಬ್ಬ ಪ್ರಾಧ್ಯಾಪಕರು. “ಮೊದಲ ಎಂಟು ಹಾಡುಗಳು ಸಾಧಾರಣ. ಆದರೆ ಒಂಬತ್ತನೆಯದು ಆಲ್ಬಮಿನ ಶಿಖರ. ದಾರಿಗೆ ಅಡ್ಡ ನಿಂತ ಆಧುನಿಕ ಮನುಷ್ಯನಿಗೆ ಕವಿ ಕೊಟ್ಟ ಕರೆ” ಎಂದು ಬರೆದಿದ್ದರು.

ಅಣ್ಣ ಪತ್ರಿಕೆ ಹಿಡಿದುಕೊಂಡು ನನ್ನ ಅಂಗಡಿಗೆ ಬಂದರು. “ನಾನು ಹಾಡಿದ್ದು ಎಂಟು. ಒಂಬತ್ತನೆಯದು ಎಲ್ಲಿಂದ?”

ಪ್ರಾಧ್ಯಾಪಕರಿಗೆ ಕೊಟ್ಟ ಪೆನ್‌ಡ್ರೈವನ್ನು ನೆನಪಿಸಿಕೊಂಡು ತಲೆಗೆ ಕೈ ಇಟ್ಟೆ. ಒಂದು ಮದುವೆ ಹಾಲಿನಲ್ಲಿ ಪದೇಪದೇ ಹಾಕಲಿಕ್ಕೆ ನಾನೇ ರೆಕಾರ್ಡ್ ಮಾಡಿದ್ದ ಪ್ರಕಟಣೆ ಅದರಲ್ಲೇ ಉಳಿದಿತ್ತು: ‘ನೀಲಿ ಕಾರಿನವರು ದಯವಿಟ್ಟು ತಮ್ಮ ಕಾರನ್ನು ತೆಗೆಯಬೇಕು. ಅಡುಗೆಯವರಿಗೆ ಹೊರಗೆ ಬರಲಿಕ್ಕೆ ದಾರಿ ಇಲ್ಲ.’ ತಪ್ಪೊಪ್ಪಿಕೊಂಡೆ.

“ಅಂದರೆ ಅದು ನಿನ್ನ ಸ್ವರ?”

“ಹೌದು.”

“ಅವನಿಗೆ ಅಷ್ಟೂ ಗೊತ್ತಾಗಲಿಲ್ಲವಾ?”

“‘ಗಾಯಕರ ಕಂಠ ಮಾಗಿದೆ’ ಅಂತ ಬರೆದಿದ್ದಾರೆ ಅಣ್ಣ.”

ಮೂರು ವರ್ಷ ಕೂತು ಬರೆದ ಎಂಟು ಹಾಡು ಸಾಧಾರಣ ಆದದ್ದು ಅಣ್ಣನಿಗೆ ನಿಜವಾಗಿ ತಾಗಿತು. ಮುಂದಿನ ಆದಿತ್ಯವಾರ ಬೆಳ್ತಂಗಡಿಯಲ್ಲಿ ಅವರಿಗೆ ಸನ್ಮಾನ, ಅದೇ ಪ್ರಾಧ್ಯಾಪಕರ ಅಧ್ಯಕ್ಷತೆ, ಮೈಕ್ ನನ್ನದು. “ಅಲ್ಲಿ ಸತ್ಯ ಹೇಳ್ತೇನೆ” ಎಂದು ಹೋದರು.

ಹೇಳಿದರು ಕೂಡ. ಬೆಳಗ್ಗಿನ ತುಂಬಿದ ಸಭೆಯಲ್ಲಿ ಎದ್ದು ನಿಂತು, “ಆ ಒಂಬತ್ತನೆಯದು ನನ್ನದಲ್ಲ, ಅದು ಹಾಡೇ ಅಲ್ಲ” ಎಂದರು. ಪ್ರಾಧ್ಯಾಪಕರು ಮೈಕ್ ಎಳೆದುಕೊಂಡು, “ನೋಡಿ, ಎಂಥ ವಿನಯ!” ಎಂದರು. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. “ಅದನ್ನೇ ಹಾಡಬೇಕು” ಎಂದು ಬೊಬ್ಬೆ ಬಿತ್ತು. ಅಣ್ಣ ನನ್ನ ಕಡೆ ನೋಡಿದರು. ನಾನು ಮೈಕಿನ ವಯರು ನೋಡಿದೆ.

ಬೇರೆ ದಾರಿ ಇರಲಿಲ್ಲ. ಗಿಟಾರ್ ತೆಗೆದುಕೊಂಡು, ಕಣ್ಣು ಮುಚ್ಚಿ, ನಿಧಾನಕ್ಕೆ ಎತ್ತಿಕೊಂಡರು: “ನೀಲಿ ಕಾರಿನವರೇ... ದಯವಿಟ್ಟು... ಕಾರು ತೆಗೆಯಿರಿ...”

ಸುಳ್ಳು ಹೇಳಬಾರದು, ಚೆನ್ನಾಗಿಯೇ ಇತ್ತು. ಸಭೆಯಲ್ಲಿ ಸೂಜಿ ಬಿದ್ದರೆ ಕೇಳುವ ಹಾಗಿತ್ತು. ಪ್ರಾಧ್ಯಾಪಕರು ಕಣ್ಣೊರೆಸಿಕೊಂಡರು. ಅಣ್ಣ ಎರಡನೆಯ ಸಲ ಅದೇ ಸಾಲಿಗೆ ಬಂದು, ಸ್ವರ ಏರಿಸಿ, “ತೆಗೆಯಿರಿ... ತೆಗೆಯಿರಿ...” ಎನ್ನುವಾಗ ಆರನೆಯ ಸಾಲಿನಿಂದ ದಪ್ಪಗಿನ ಒಬ್ಬರು ಕಿಸೆಯಲ್ಲಿ ಕೀ ಹುಡುಕುತ್ತಾ ಎದ್ದರು.

“ಆಯ್ತು ಮಾರಾಯ್ರೆ, ತೆಗೀತೇನೆ! ಅದಕ್ಕೆ ಇಷ್ಟು ಎಳೆದು ಎಳೆದು ಹೇಳಬೇಕಾ?”