ಸೈಕಲ್ ಅಂಗಡಿಯವರ ತಂಗಿ

ಮುನಿಸಿಕೊಳ್ಳುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಮುನಿಸು ಬಿಡುವುದು ಹೇಗೆಂಬುದನ್ನು ಮಾತ್ರ ನನಗೆ ಯಾರೂ ಕಲಿಸಲಿಲ್ಲ. ವಾರೆನ್ ಊರಿನಲ್ಲಿ ಕಾರುಗಳಿಗೆ ಬ್ರೇಕ್ ಡಿಸೈನ್ ಮಾಡಿ ಸಂಬಳ ತೆಗೆದುಕೊಳ್ಳುವ ನನಗೆ ನನ್ನ ಸಿಟ್ಟಿಗೊಂದು ಬ್ರೇಕ್ ಹಾಕಲು ಬರುವುದಿಲ್ಲ.

ನನ್ನ ಹೆಂಡತಿ ತೀರಿಕೊಂಡಾಗ ಮಗಳು ಅನುಗೆ ಮೂರು ವರ್ಷ. ಸೌತ್‌ಫೀಲ್ಡ್‌ನಲ್ಲಿ ಕೆಲಸದಲ್ಲಿದ್ದ ತಂಗಿ ಪದ್ಮ ಎರಡು ಸೂಟ್‌ಕೇಸ್ ಹಿಡಿದು ಸ್ಟರ್ಲಿಂಗ್ ಹೈಟ್ಸ್‌ನ ನಮ್ಮ ಮನೆಗೆ ಬಂದಳು. ಒಂದು ತಿಂಗಳಿಗೆಂದು ಬಂದವಳು ಎಂಟು ವರ್ಷ ಉಳಿದಳು. ಅನುಗೆ ಜಡೆ ಹೆಣೆದಳು, ಜ್ವರ ಬಂದಾಗ ರಜೆ ಹಾಕಿದಳು, ನನ್ನ ಕಾಲುಚೀಲಗಳನ್ನು ಜೋಡಿ ಮಾಡಿದಳು. ನಲವತ್ತೇಳನೆಯ ವಯಸ್ಸಿನಲ್ಲಿ ಒಂದು ಸಂಜೆ, "ಅಣ್ಣ, ನಾನು ಮದುವೆ ಆಗ್ತಿದೀನಿ" ಎಂದಳು. ವರ ಶಿಕಾಗೋ ಹತ್ತಿರದ ನೇಪರ್‌ವಿಲ್‌ನ ಡೆಂಟಿಸ್ಟ್, ಸಜ್ಜನ. ಸಂತೋಷ ಎನ್ನಬೇಕಾದ ನಾನು, "ಹಾಗಾದ್ರೆ ಅನೂನ ಸ್ಕೂಲಿಂದ ಯಾರು ಕರ್ಕೊಂಡ್ ಬರ್ತಾರೆ?" ಎಂದೆ.

ಮದುವೆಗೆ ಹೋಗಲಿಲ್ಲ. ಸೊಂಟ ಹಿಡಿದಿದೆ ಎಂದು ಹೇಳಿಕಳಿಸಿ, ಅದೇ ದಿನ ಬಗ್ಗಿ ಬಗ್ಗಿ ಇಡೀ ಗ್ಯಾರೇಜ್ ತೊಳೆದೆ. ಅವಳ ಫೋನುಗಳನ್ನೂ ಎತ್ತಲಿಲ್ಲ. ಹೀಗೆ ಎರಡು ವರ್ಷ.

ಈ ಸಲ ಅನುಗೆ ಸ್ಕೂಲಿನಲ್ಲಿ ಮೊದಲ ವಿಮಾನ ಹಾರಿಸಿದ ಅಣ್ಣತಮ್ಮಂದಿರ ಬಗ್ಗೆ ಪ್ರಾಜೆಕ್ಟ್ ಕೊಟ್ಟರು. ಅವರ ಸೈಕಲ್ ಅಂಗಡಿಯನ್ನೇ ಕಿತ್ತು ತಂದು ಡಿಯರ್‌ಬಾರ್ನ್‌ನ ಮ್ಯೂಸಿಯಂನಲ್ಲಿ ನಿಲ್ಲಿಸಿದ್ದಾರೆ, ಕರೆದುಕೊಂಡು ಹೋದೆ. ನಾನು ಚೈನು, ಪ್ರೊಪೆಲರ್ ಎಂದು ಉಪನ್ಯಾಸ ಕೊಡುತ್ತಿದ್ದರೆ ಅವಳು ಕೇಳಿದಳು, "ಡ್ಯಾಡ್, ಡಿಡ್ ಯು ನೋ ದೇ ಹ್ಯಾಡ್ ಎ ಸಿಸ್ಟರ್?"

ನನಗೆ ಗೊತ್ತಿರಲಿಲ್ಲ. ಪ್ರಾಜೆಕ್ಟಿನ ಹಾಳೆ ನೋಡಿಕೊಂಡು ಅವಳೇ ಹೇಳಿದಳು. ಕಿರಿಯವನು ವಿಮಾನ ಬಿದ್ದು ಎಲುಬು ಮುರಿದುಕೊಂಡಾಗ ಆ ತಂಗಿ ಟೀಚರ್ ಕೆಲಸ ಬಿಟ್ಟು ಬಂದು ಆರೈಕೆ ಮಾಡಿದಳಂತೆ. ಹಿರಿಯವನು ತೀರಿಕೊಂಡ ಮೇಲೂ ಕಿರಿಯವನ ಮನೆ ನೋಡಿಕೊಂಡಳಂತೆ. ಐವತ್ತು ದಾಟಿ ಅವಳು ಮದುವೆಯಾದದ್ದೇ ತಡ, ಅವನು ಮಾತು ಬಿಟ್ಟ. ಮತ್ತೆ ಅವಳನ್ನು ನೋಡಲು ಹೋದದ್ದು ಅವಳು ಸಾಯುವಾಗ.

ಅನು ನನ್ನ ಕಡೆ ನೋಡದೆ ಹಾಳೆ ಮಡಿಚಿಟ್ಟಳು. ನೋಡಿದ್ದರೆ ಗದರಬಹುದಿತ್ತು.

ಮುಂದಿನ ಶನಿವಾರ ಇಬ್ಬರೂ ನೇಪರ್‌ವಿಲ್‌ಗೆ ಹೊರಟೆವು. ಕ್ಷಮೆ ಕೇಳುವ ಮಾತುಗಳನ್ನು ಮನೆಯಲ್ಲೇ ಸಿದ್ಧ ಮಾಡಿಕೊಂಡಿದ್ದೆ. ಕಲಮಜೂ ದಾಟುವಾಗ ಅರ್ಧ ಮರೆತಿತ್ತು, ಇಂಡಿಯಾನಾದಲ್ಲಿ ಉಳಿದದ್ದೂ ಹೋಯಿತು.

ಬಾಗಿಲು ತೆಗೆದವಳು ಪದ್ಮಳೇ. ತಲೆ ಪೂರ್ತಿ ಬೆಳ್ಳಗಾಗಿತ್ತು. ನಾನು ಆಫೀಸಿನಿಂದ ಬಂದೆನೋ ಎಂಬಂತೆ, "ಬಾ ಅಣ್ಣ. ಬೂಟ್ಸ್ ಅಲ್ಲೇ ಬಿಡು" ಎಂದಳು. ಅನುವನ್ನು ಮಾತ್ರ ತುಂಬ ಹೊತ್ತು ತಬ್ಬಿಕೊಂಡಿದ್ದಳು. ನನ್ನನ್ನು ಏನೂ ಕೇಳದೆ ಕಾಫಿ ಮಾಡಿ ತಂದಳು. ಮೊದಲಿನಂತೆಯೇ ಎರಡು ಚಮಚ ಸಕ್ಕರೆ. ಒಂದು ಗುಟುಕು ಕುಡಿದಿದ್ದೆ, ಅಷ್ಟೆ.

"ಅತ್ತೆ, ನೋ! ಹಿ ಈಸ್ ಡಯಾಬೆಟಿಕ್!" ಎಂದಳು ಅನು.

ಪದ್ಮ ನನ್ನ ಕೈಯಿಂದ ಲೋಟ ಕಿತ್ತುಕೊಂಡಳು. "ಯಾವಾಗಿಂದ?"

"ಒಂದೂವರೆ ವರ್ಷ ಆಯ್ತು."

"ಫೋನ್ ಮಾಡಿ ಹೇಳ್ಬೇಡ ಅಂತ್ಲೂ ಡಾಕ್ಟ್ರು ಹೇಳಿದ್ರಾ?"

ಅಷ್ಟು ಹೇಳಿ ಅಡುಗೆಮನೆಗೆ ಹೋಗಿ ನಮಗೆ ಬೆನ್ನು ಮಾಡಿ ನಿಂತಳು. ಭುಜ ಅಲುಗುತ್ತಿತ್ತು. ಹಿಂದೆಯೇ ಹೋದೆ. ಎಂಟು ವರ್ಷ ಅವಳು ಮಾಡಿಕೊಟ್ಟದ್ದನ್ನು ಕುಡಿದು, ಒಂದು ದಿನವೂ ಹೇಳದಿದ್ದದ್ದನ್ನೇ ಹೇಳಿದೆ: "ಕಾಫಿ ಚೆನ್ನಾಗಿದೆ ಕಣೆ."

ಅಷ್ಟರಲ್ಲಿ ಅವಳು ಅದನ್ನು ಸಿಂಕಿಗೆ ಸುರಿದಾಗಿತ್ತು.