ಬರಬೇಕೇನು ಎಂದು ಕೇಳಿದ್ದಕ್ಕೆ

"ಏಳಲೇ ಮಲಕಾರಿ, ಏಳು. ಒಂಬತ್ತನೇ ಇಯತ್ತೆ ದಾಟದ ಕುಂಡಿಗೆ ಗಾಲಿ ಕುರ್ಚಿ ಬೇಕಂತ, ನೋಡ್ರಪಾ!"

ಅಥಣಿಯ ಹನಿ ನೀರಾವರಿ ಪೈಪಿನ ಅಂಗಡಿಯ ಮಾಲೀಕ ರಾವಸಾಹೇಬರು ಇದನ್ನು ಹೇಳಿದ್ದು ಅಂಗಡಿ ತುಂಬ ಗಿರಾಕಿಗಳಿದ್ದಾಗ. ಐಗಳಿಯ ದ್ರಾಕ್ಷಿ ತೋಟದವರು ನಕ್ಕರು. ಕಾಗವಾಡದಿಂದ ವಾಲ್ವ್ ಒಯ್ಯಲು ಬಂದವರು ನಕ್ಕರು. ಚಹಾ ತಂದವನೂ ನಕ್ಕ, ಅವನು ನಾಲ್ಕನೆಯ ತರಗತಿಯನ್ನೂ ದಾಟಿರಲಿಲ್ಲ.

ಮಲಕಾರಿ ಕಂಪ್ಯೂಟರಿನ ಮುಂದಿನ ಗಾಲಿ ಕುರ್ಚಿಯಿಂದ ಎದ್ದು ನಿಂತ. ಅವನ ಕೆಲಸ ಪೈಪಿನ ಸುರುಳಿ ಹೊರುವುದು. ಆದರೆ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಮಾಯಾ ಮದುವೆಯಾಗಿ ರಾಯಬಾಗಕ್ಕೆ ಹೋದ ಮೇಲೆ ಆ ಕುರ್ಚಿ ಖಾಲಿ ಬಿದ್ದಿತ್ತು. ಖಾಲಿ ಕುರ್ಚಿ ಕಂಡರೆ ಹೊತ್ತ ಹೆಗಲಿಗೆ ಏನನ್ನಿಸುತ್ತದೆ ಎಂಬುದು ಹಣದ ಗಲ್ಲೆಯ ಮೇಲೆ ಕೂತೇ ದೊಡ್ಡವರಾದವರಿಗೆ ತಿಳಿಯುವುದಿಲ್ಲ.

ಮಾಯಾ ಮಾಡುತ್ತಿದ್ದದ್ದು ಇಷ್ಟೇ. ಪೈಪು ಕೊಂಡವರ ಮೊಬೈಲಿಗೆ ಪ್ರಶ್ನೆ ಕಳಿಸುವುದು, ಬಂದ ಉತ್ತರಗಳನ್ನು ಓದುವುದು, ಸಿಟ್ಟಾದವರ ಹೆಸರನ್ನು ಇಮೇಲ್ ಗುಂಪಿಗೆ ಕಳಿಸುವುದು. ಆ ಗುಂಪಿನಲ್ಲಿ ರಾವಸಾಹೇಬರು, ಮೆಕ್ಯಾನಿಕ್ ಗಂಗಾರಾಮ ಮತ್ತು ಈ ಕೆಲಸಕ್ಕೆ ಪಗಾರ ಕೊಡುವ ಕೊಲ್ಲಾಪುರದ ಪೈಪು ಕಂಪನಿಯ ಅಧಿಕಾರಿಗಳಿದ್ದರು. ಮಲಕಾರಿ ವಿಡಿಯೋ ನೋಡಿ ನೋಡಿ ಪ್ರಶ್ನೆಯನ್ನೂ ಗುಂಪನ್ನೂ ಜೋಡಿಸುವುದನ್ನು ಕಲಿತಿದ್ದ. ಉತ್ತರ ಬಂದ ಕೂಡಲೇ, ಮನುಷ್ಯರ ಕೈ ತಾಗದೆ, ಅದು ತಾನೇ ಗುಂಪಿಗೆ ಹೋಗಬೇಕು.

"ಜೋಡಿಸೀನ್ರಿ ಸಾವಕಾರ್ರ. ಇನ್ನ ಯಾರೂ ಓದಿ ಕಳಸೂದ ಬ್ಯಾಡ್ರಿ. ತಾನ ಹೋಗತೈತಿ."

"ತಾನ ಹೋಗಾಕ ಅದೇನ ಸಂಜಿಕ ಮನಿಗೆ ಬರೂ ಎಮ್ಮಿ ಏನೋ?" ರಾವಸಾಹೇಬರು ಗಿರಾಕಿಗಳ ಕಡೆ ನೋಡಿ ಇನ್ನೊಂದು ಸುತ್ತು ನಗು ವಸೂಲಿ ಮಾಡಿದರು. "ಕೇಳಿಲ್ಲೆ. ಮಧ್ಯಾಹ್ನ ಕಂಪನಿ ಶೀತಲ ಮೇಡಂ ಬರಾಕತ್ತಾರ. ಅವರ ಮುಂದ ನಡದ್ರ ಈ ಕೆಲಸ ನಿಂದು. ನಡೀಲಿಲ್ಲಂದ್ರ ನಾಳಿಂದ ನಮ್ಮ ಅಕ್ಕನ ಮಗ ಅಭಿನಂದನ ಇಲ್ಲಿ ಕುಂಡರ್ತಾನ. ಬಿಕಾಂ ಆಗೇತಿ. ನೀ ಸಾಯೂತನಕಾ ಪೈಪ ಹೊರು."

ಮಲಕಾರಿ ಹಲ್ಲು ಕಚ್ಚಿಕೊಂಡು ಮತ್ತೆ ಕುರ್ಚಿಯಲ್ಲಿ ಕೂತ. ಗಂಗಾರಾಮ ಹಿಂದೆ ಬಂದು ನಿಂತ. ಬೇರೆಯವರ ಕೆಲಸದಲ್ಲಿ ಮೂಗು ತೂರಿಸುವುದು ಅವನಿಗೆ ಊಟದಷ್ಟೇ ಅವಶ್ಯ.

"ಏನಲೇ ಇದು?"

"ತೋಟದಾಗ ಪೈಪ ಇದ್ದಂಗ ತಿಳಿ. ಗಿರಾಕಿ ಉತ್ತರ ನೀರು. ಎರಡ ವಾಲ್ವ್ ಇಟ್ಟೀನಿ. ಸಿಟ್ಟಿನ ನೀರ ನಿಮ್ಮ ಗುಂಪಿಗೆ. ಖುಷಿ ನೀರಿಗೆ ತಿರುಗಿ ಒಂದ ಥ್ಯಾಂಕ್ಸ್, ಮುಗೀತು."

"ಸಿಟ್ಟೋ ಖುಷಿನೋ ಹೆಂಗ ಗೊತ್ತಾಗತೈತಿ?"

"ಕಂಪನಿ ಇಪ್ಪತ್ತ ಪ್ರಶ್ನಿ ಕೇಳತಿತ್ತು. ಯಾಂವ ಓದ್ತಾನ? ನಾ ಒಂದ ಇಟ್ಟೀನಿ." ಮಲಕಾರಿ ಪರದೆ ತೋರಿಸಿದ. 'ನಮ್ಮ ಮಂದಿ ನಿಮ್ಮಲ್ಲಿಗೆ ಬರಬೇಕೇನು?' ಕೆಳಗೆ ಎರಡು ಬಟನ್: ಹೌದು, ಬ್ಯಾಡ. "ಪೈಪ ಕೆಟ್ಟಾಂವ ಬರ್ರಿ ಅಂತಾನ. ನೆಟ್ಟಗಿದ್ದಾಂವ ಬ್ಯಾಡ ಅಂತಾನ. ಮತ್ತೇನೈತಿ?"

ಗಂಗಾರಾಮನಿಗೂ ಅದರಲ್ಲಿ ತಪ್ಪು ಕಾಣಲಿಲ್ಲ. ಮಲಕಾರಿ ಹಳೆಯ ಗಿರಾಕಿಗಳಿಗೆಲ್ಲ ಒಮ್ಮೆಲೇ ಪ್ರಶ್ನೆ ಬಿಟ್ಟ.

ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ರಾವಸಾಹೇಬರ ಮೊಬೈಲು ಟಿಣ್ ಎಂದಿತು. ಗಂಗಾರಾಮನದೂ ಟಿಣ್ ಎಂದಿತು. ಮತ್ತೆ ಇವರದು, ಮತ್ತೆ ಅವನದು. ಬಾಣಲೆಯಲ್ಲಿ ಹುರಿಯಲು ಹಾಕಿದ ಶೇಂಗಾದ ಹಾಗೆ ಎರಡೂ ಮೊಬೈಲು ಸಿಡಿಯತೊಡಗಿದವು. ಎಲ್ಲ ಇಮೇಲುಗಳ ತಲೆಬರಹದಲ್ಲೂ ಒಂದೇ ಮಾತು: ತುರ್ತು ದೂರು. ಐಗಳಿ, ತುರ್ತು ದೂರು. ಕಾಗವಾಡ, ತುರ್ತು ದೂರು. ಕಳೆದ ತಿಂಗಳು ಪೈಪಿಗೆ ಪೂಜೆ ಮಾಡಿ ಪೇಡೆ ಹಂಚಿದ್ದ ರಾವಸಾಹೇಬರ ಬೀಗರದೂ ತುರ್ತು ದೂರು.

ಕೊಲ್ಲಾಪುರದ ಅಧಿಕಾರಿಯೊಬ್ಬರ ಫೋನು ಬಂತು. "ಕಾಯ ಹೋ, ಏನ್ರಿ ರಾವಸಾಹೇಬ, ಅಥಣ್ಯಾಗ ಭೂಕಂಪ ಆತೇನ್ರಿ? ಎಲ್ಲಾರ ಪೈಪೂ ಒಮ್ಮೇ ಒಡದಾವ?"

ರಾವಸಾಹೇಬರ ಮುಖ ಬೆಂದ ಬದನೆಕಾಯಿಯಾಯಿತು. "ಗಂಗಾರಾಮಾ, ಗಾಡಿ ತಗೀ. ಹತ್ತರದ ತೋಟ ನೋಡ್ಕೊಂಡ ಬಾ. ಮಲಕಾರಿ, ನೀ ಮಾತ್ರ ಎಲ್ಲೂ ಹೋಗಬ್ಯಾಡ. ನಿನ್ನ ಇಲ್ಲೇ ಹುಗೀತೀನಿ."

ಗಂಗಾರಾಮ ಹೋದವನು ತಡವಾಗಿ ಬಂದ. ಕೈಯಲ್ಲೊಂದು ದ್ರಾಕ್ಷಿ ಚೀಲ, ಮೀಸೆಯಲ್ಲಿ ಮಜ್ಜಿಗೆ.

"ಎಷ್ಟ ಒಡದಾವೋ?"

"ಒಂದೂ ಒಡದಿಲ್ರಿ," ಗಂಗಾರಾಮ ತೇಗಿದ. "ಮೂರ ಮನಿ ಹೊಕ್ಕೆ. ಮೂರೂ ಕಡೆ ಊಟಾ ಹಾಕಿದ್ರು. 'ದೂರು ಏನ್ರಿ?' ಅಂದ್ರ 'ದೂರು ಎಲ್ಲೀದೋ ಮಾರಾಯಾ. ಬರಬೇಕೇನು ಅಂತ ನೀವ ಕೇಳೀರಿ. ಮನಿಗೆ ಬರ್ತೀನನ್ನಾವರಿಗೆ ಬ್ಯಾಡ ಅನ್ನಾಕಾಗತೈತೇನು? ಹೌದ ಒತ್ತೀವಿ' ಅಂದ್ರು."

ಮಲಕಾರಿಗೆ ತನ್ನ ತಪ್ಪು ಈಗ ಹೊಳೆಯಿತು. ಅವನವ್ವ ಮಲಕವ್ವ ಬಾಗಿಲಿಗೆ ಬಂದ ಪಾತ್ರೆ ಮಾರುವವನಿಗೂ ಬ್ಯಾಡ ಎಂದವಳಲ್ಲ, ಚಹಾ ಕೊಟ್ಟು ಕಳಿಸುತ್ತಿದ್ದಳು. ಅದನ್ನು ನೋಡುತ್ತಲೇ ಬೆಳೆದ ಅವನೇ ಈ ಪ್ರಶ್ನೆ ಬರೆದಿದ್ದ.

ಆಗ ಬಾಗಿಲಲ್ಲಿ ದನಿ ಕೇಳಿತು. "ಯಾಂವಲೇ ನನಗ ಥ್ಯಾಂಕ್ಸ್ ಅಂದಾಂವ?"

ಐಗಳಿಯ ಕೆಂಪವ್ವ. ಒಂದು ಕೈಯಲ್ಲಿ ಮಗನ ಮೊಬೈಲು, ಇನ್ನೊಂದರಲ್ಲಿ ಉದ್ದಕ್ಕೆ ಸೀಳಿದ ಪೈಪು. ಪೈಪನ್ನು ಹಾವು ಹಿಡಿದ ಹಾಗೆ ಕುತ್ತಿಗೆಗೇ ಹಿಡಿದಿದ್ದಳು.

"ಪೈಪ ಹರದು ಕಬ್ಬಿನ ನೀರೆಲ್ಲಾ ದಾರಿಗೆ ಹೊಂಟೈತಿ. ಬರಬೇಕೇನಂತ ಕೇಳ್ತೀರಿ? ನನ್ನ ಮನಿ ಮೆಟ್ಟಲ ಹತ್ತಬ್ಯಾಡ್ರಿ ಅಂತ ಬ್ಯಾಡ ಒತ್ತಿದೆ. ಒತ್ತಿ ಕೈ ತಗದಿಲ್ಲ, 'ನೀವು ಸಂತೋಷವಾಗಿರುವುದು ನಮಗೆ ಸಂತೋಷ' ಅಂತ ಬಂತು! ಯಾರ ಸಂತೋಷರೋ? ಯಾಂವ ಅದಾಂವ?"

ಎಲ್ಲರೂ ಮಲಕಾರಿಯ ಕಡೆ ಕೈ ತೋರಿಸಿದರು. ಇಂಥ ಹೊತ್ತಿನಲ್ಲಿ ಅಂಗಡಿಯ ಒಗ್ಗಟ್ಟು ನೋಡುವಂತಿರುತ್ತದೆ.

ಕೆಂಪವ್ವನ ಬೈಗುಳವನ್ನು ಮಲಕಾರಿ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಅವನು ಕಂಪ್ಯೂಟರಿನ ಮುಂದೆ ಬಾಗಿದ್ದ. ಎರಡು ವಾಲ್ವುಗಳನ್ನು ಅದಲುಬದಲು ಮಾಡಿದ. ಹೌದು ಎಂದವರು ಖುಷಿಯವರು. ಬ್ಯಾಡ ಎಂದವರು ಸಿಟ್ಟಿನವರು. ಬೆವರು ಒರೆಸಿಕೊಳ್ಳುವಷ್ಟರಲ್ಲಿ ಶೀತಲ ಮೇಡಂ ಕಾರು ಬಂದು ನಿಂತಿತು.

ಮೇಡಂ ಕೂರಲಿಲ್ಲ. "ಮುಂಜಾನಿಂದ ನನ್ನ ಮೊಬೈಲ ಹುಚ್ಚ ಹಿಡದಂಗ ಕುಣಿಯಾಕತ್ತೈತಿ. ಏನ ನಡಿಸೀರಿ? ನನ್ನ ಮುಂದ ಮಾಡಿ ತೋರಸ್ರಿ."

ಮಲಕಾರಿ ಕೆಂಪವ್ವನ ಮೊಬೈಲಿಗೆ ಪ್ರಶ್ನೆ ಬಿಟ್ಟ. "ಯವ್ವಾ, ಇನ್ನೊಮ್ಮೆ ಒತ್ತಬೇ. ಮನಸಿನಾಗ ಇದ್ದದ್ದ ಒತ್ತು."

ಕೆಂಪವ್ವ ತಿಗಣೆ ಹೊಸಕಿದ ಹಾಗೆ ಬ್ಯಾಡ ಒತ್ತಿದಳು. ಮೇಡಂ ಮೊಬೈಲು ಟಿಣ್ ಎಂದಿತು. ತುರ್ತು ದೂರು, ಕೆಂಪವ್ವ, ಐಗಳಿ. ಬೇರೆ ಒಂದೂ ಬರಲಿಲ್ಲ. ಪರದೆಯ ಮೇಲೆ ಬೆಳಗಿನ ಹೌದುಗಳೆಲ್ಲ ಖುಷಿಯ ಕಡೆ ಸರಿದು ಸಾಲಾಗಿ ನಿಂತಿದ್ದವು.

"ಅರೆ ವಾ!" ಮೇಡಂ ಮೊದಲ ಸಲ ನಕ್ಕರು. "ಇಷ್ಟ ಖುಷಿ ಗಿರಾಕಿ ನಮಗ ಸಾಂಗ್ಲ್ಯಾಗೂ ಇಲ್ಲ. ಯಾರ ಮಾಡಿದ್ದು?"

"ನಾನ್ರಿ," ಎಂದ ಮಲಕಾರಿ. ಎದೆ ಇಷ್ಟಗಲವಾಗಿತ್ತು. ರಾವಸಾಹೇಬರು ಗಲ್ಲೆಯ ಮೇಲೆ ಕೆಮ್ಮಿದರು.

"ಈ ಕುರ್ಚಿ ಮ್ಯಾಲ ಕುಂತು ನೀ ದಿನಾ ಏನ ಮಾಡಬೇಕಾಗತೈತಿ?"

ಇಡೀ ದಿನ ಬೈಸಿಕೊಂಡ ಮನುಷ್ಯನಿಗೆ ಸಿಕ್ಕ ಒಂದು ಗಳಿಗೆ. ಅವನು ಅದನ್ನು ಅಂಗಡಿಗೆಲ್ಲ ಕೇಳುವಂತೆ ಬಳಸಿದ.

"ಏನೂ ಮಾಡೂದಿಲ್ರಿ ಮೇಡಂ! ಒಂದ ಬಟನ್ ಸೈತ ಒತ್ತೂದಿಲ್ಲ. ಎಲ್ಲಾ ತಾನ ನಡೀತೈತಿ."

ಮೇಡಂ ಕುರ್ಚಿ ನೋಡಿದರು. ಅವನನ್ನು ನೋಡಿದರು. "ಹಂಗಾದ್ರ ಈ ಕುರ್ಚಿಗೆ ಮನಷ್ಯಾ ಯಾಕ ಬೇಕು? ರಾವಸಾಹೇಬ, ಈ ಕೆಲಸದ ಪಗಾರ ಕಂಪನಿ ಇನ್ನ ಕೊಡೂದಿಲ್ಲ. ಯಾರನೂ ಇಟ್ಕೊಬ್ಯಾಡ್ರಿ."

ಅಕ್ಕನ ಮಗನನ್ನು ನೆನೆದು ರಾವಸಾಹೇಬರು ತಲೆಯ ಮೇಲೆ ಕೈಯಿಟ್ಟರು.

"ಆದ್ರ ಇಷ್ಟ ಮಂದಿ ಬರ್ರಿ ಅಂದಾರ," ಮೇಡಂ ಮುಂದುವರಿಸಿದರು. "ಹೋಗ್ಲಿಲ್ಲಂದ್ರ ಕಂಪನಿ ಮರ್ಯಾದಿ ಏನುಳೀತೈತಿ? ಕಂಪ್ಯೂಟರ್ ಅಂತೂ ಹೋಗೂದಿಲ್ಲ. ಯಾರರ ಮನಿಮನಿಗೆ ಹೋಗಿ ಬರಬೇಕು."

ರಾವಸಾಹೇಬರು ತಟ್ಟನೆ ಕೈ ಕೆಳಗಿಳಿಸಿದರು. "ಇದ್ದಾನಲ್ರಿ ನಮ್ಮ ಮಲಕಾರಿ! ಹೆಂಗೂ ಹೊಂಟಾನ, ಹೆಗಲ ಮ್ಯಾಲ ಪೈಪೂ ಒಯ್ತಾನ. ಮೊದಲ ಕೆಂಪವ್ವಗ ಹೊಸಾ ಪೈಪ ಮುಟ್ಟಿಸಿ ಬರ್ಲಿ."

ಗಾಲಿ ಕುರ್ಚಿಯನ್ನು ಅವರು ಕಾಲಿನಿಂದ ಕೆಂಪವ್ವನ ಕಡೆ ತಳ್ಳಿದರು. ಅವಳು ಕೂತು, ಒಂದು ಸುತ್ತು ತಿರುಗಿ, "ಚೊಲೋ ಐತಿ" ಎಂದಳು.

ಮಲಕಾರಿ ಮೂಲೆಗೆ ಹೋಗಿ ಪೈಪಿನ ಸುರುಳಿಯನ್ನು ಹೆಗಲಿಗೇರಿಸಿದ. ಬಾಗಿಲು ದಾಟುವಾಗ ರಾವಸಾಹೇಬರು ಎಲ್ಲರಿಗೂ ಕೇಳುವಂತೆ ಕೂಗಿದರು.

"ಏನೋ ಮಲಕಾರಿ, ಖುಷಿ ಆತಿಲ್ಲೋ? ಎರಡ ಬಟನ್ ಅದಾವ. ಹೌದು ಅಂತೀಯೋ, ಬ್ಯಾಡ ಅಂತೀಯೋ?"

ಅಂಗಡಿ ಮತ್ತೆ ನಕ್ಕಿತು. ಹೌದು ಎಂದರೆ ಖುಷಿಯವರ ಸಾಲಿಗೆ ಸೇರಬೇಕು. ಬ್ಯಾಡ ಎಂದರೆ ನಾಳೆಯಿಂದ ಹೊರಲು ಪೈಪೂ ಇರುವುದಿಲ್ಲ. ಮೂರನೆಯ ಬಟನ್ ಅವನೇ ಇಟ್ಟಿರಲಿಲ್ಲ.

ಮಲಕಾರಿ ಹೆಗಲು ಬದಲಿಸಿದ. ಐಗಳಿಯ ದಾರಿ ಹಿಡಿದ.