ಮುಂಡರಗಿ ಎಂದರೆ ಸ್ನಾನಕ್ಕೆ ಏಳುತ್ತಿದ್ದ ಅಪ್ಪ

ಇಡೀ ಗದಗ-ಬೆಟಗೇರಿಯಲ್ಲಿ ನಮ್ಮಪ್ಪನಷ್ಟು ಅಂಜುಬುರುಕ ಇನ್ನೊಬ್ಬ ಇರಲಿಲ್ಲ ಎಂದು ನಾನು ಯಾರ ಮುಂದೆ ಬೇಕಾದರೂ ಆಣೆ ಮಾಡಿ ಹೇಳಬಲ್ಲೆ. ಹಲ್ಲಿ ಕಂಡರೆ ಅಂಜುತ್ತಿದ್ದ. ಸರಿ, ಎಷ್ಟೋ ಜನ ಅಂಜುತ್ತಾರೆ. ಆದರೆ ಹಲ್ಲಿ ಇರಬಹುದಾದ ಗೋಡೆಗೂ ಅಂಜುವವರನ್ನು ನೀವು ನೋಡಿದ್ದೀರಾ? ಮಲಗುವ ಮುನ್ನ ಬಾಗಿಲ ಚಿಲಕವನ್ನು ಮೂರು ಸಲ ಎಳೆದು ನೋಡಿ, ನಾಲ್ಕನೆಯ ಸಲಕ್ಕೆ ಅವ್ವನನ್ನು ಕಳಿಸುತ್ತಿದ್ದ. ದಾರಿಯಲ್ಲಿ ಪೊಲೀಸ್ ಎದುರಾದರೆ, ತಾಲೂಕು ಕಚೇರಿಯ ಗುಮಾಸ್ತನಾದ ಈ ಮನುಷ್ಯ, ಪಕ್ಕದ ಅಂಗಡಿಗೆ ನುಗ್ಗಿ ತನಗೆ ಬೇಡದ ಬೆಲ್ಲವನ್ನು ಮೂಸಿ ನೋಡುತ್ತ ನಿಲ್ಲುತ್ತಿದ್ದ!

ಇವೆಲ್ಲ ಒಂದು ತೂಕವಾದರೆ ಮುಂಡರಗಿಯೇ ಒಂದು ತೂಕ. ಆ ಊರಿನ ಹೆಸರು ಕಿವಿಗೆ ಬಿದ್ದರೆ ಸಾಕು, ಅಪ್ಪ ಪಂಚೆ ಹೆಗಲಿಗೆ ಹಾಕಿಕೊಂಡು ಸ್ನಾನಕ್ಕೆ ಎದ್ದುಬಿಡುತ್ತಿದ್ದ. ಒಮ್ಮೆ ಮುಂಡರಗಿಯ ಕಡೆಯ ಬೀಗರೊಬ್ಬರು ಊಟಕ್ಕೆ ಬಂದು ತಮ್ಮೂರ ಸುದ್ದಿಯನ್ನೇ ಹೇಳುತ್ತ ಕುಳಿತರು. ಅವರು ಎಲೆ ಅಡಿಕೆ ಮುಗಿಸುವುದರೊಳಗೆ ಅಪ್ಪ ಮೂರು ಸಲ ಮಿಂದು ಬಂದಿದ್ದ. “ಎಷ್ಟಂದ್ರೂ ಗುಡಿ ಪೂಜಿ ಮಾಡಿದ ಮನಿತನ, ಭಾಳ ಮಡಿವಂತ್ರು” ಎಂದು ಬೀಗರು ಮೆಚ್ಚಿಕೊಂಡು ಹೋದರು. ದೂರದ ಬಾವಿಯಿಂದ ನೀರು ಹೊತ್ತು ತಂದವಳು ಅವ್ವ. ಆಕೆ ಏನೂ ಮೆಚ್ಚಲಿಲ್ಲ.

ಕನ್ನಡ ನಾಡು ಒಂದಾದ ವರ್ಷ ಅದು. ಕಚೇರಿಗಳಲ್ಲೆಲ್ಲ ವರ್ಗಾವಣೆಯ ಗಾಳಿ. ಅಪ್ಪನಿಗೂ ಬಡ್ತಿಯ ಆದೇಶ ಬಂತು. ಎಲ್ಲಿಗೆ ಎನ್ನುತ್ತೀರಿ? ಮುಂಡರಗಿಗೆ! ಅಪ್ಪ ಆದೇಶವನ್ನು ಗೂಡಿನಲ್ಲಿಟ್ಟು, ಸ್ನಾನ ಮಾಡಿ ಬಂದು, ತಲೆ ಒರೆಸಿಕೊಳ್ಳುತ್ತ “ನೌಕರಿ ಬಿಡ್ತೇನಿ” ಎಂದ.

“ಯಾಕ್ರಿ? ಅಲ್ಲೇನ್ ಹುಲಿ ಐತೇನು?” ಎಂದಳು ಅವ್ವ.

“ಹುಲಿ ಇದ್ದಿದ್ರ ಹೋಗ್ತಿದ್ದೆ” ಎಂದ ಅಪ್ಪ. ಹಲ್ಲಿಗೆ ಅಂಜುವವನು!

ಅದೇ ವಾರ ದೀಪಾವಳಿ. ಬೆಟಗೇರಿಯಿಂದ ನಮ್ಮ ಕಾಯಂ ಬಳೆಗಾರ ಬಂದು ಪಡಸಾಲೆಯಲ್ಲಿ ಮಲಾರ ಬಿಚ್ಚಿದ. ಮಲಾರ ಎಂದರೆ ಬಳೆಗಾರರು ಬಳೆಗಳನ್ನು ಹಗ್ಗಕ್ಕೆ ಪೋಣಿಸಿ ಹೆಗಲ ಮೇಲೆ ಹೊತ್ತು ತರುವ ಹೊರೆ. ನನಗಾಗ ಹನ್ನೊಂದು ವರ್ಷ, ಕೈ ಮಾತ್ರ ಕುಸ್ತಿ ಹಿಡಿಯುವವರ ಕೈ. ಮೂರು ಬಳೆ ಚೂರಾದವು, ಅಂಗೈ ಗೀರಿತು, ನಾನು ಓಣಿಗೆಲ್ಲ ಕೇಳುವಂತೆ ಅಳತೊಡಗಿದೆ. ಕುರ್ಚಿಯಲ್ಲಿದ್ದ ಅಪ್ಪ ಎದ್ದು ಬಂದ. “ಕೊಡಿಲ್ಲಿ” ಎಂದು ನನ್ನ ಕೈ ತೆಗೆದುಕೊಂಡು, ಹೆಬ್ಬೆರಳಿನ ಬುಡವನ್ನು ಒಳಕ್ಕೆ ಒತ್ತಿ, ಏನೋ ಒಂದು ಹದದಲ್ಲಿ ತಿರುವಿದ. ಹನ್ನೆರಡು ಬಳೆಗಳು ಎಣ್ಣೆ ಹಚ್ಚಿದ ಹಾಗೆ ಒಂದರ ಹಿಂದೆ ಒಂದು ಒಳಗೆ ಸೇರಿದವು! ಗೋಡೆಗೆ ಒಂದು ಮೊಳೆ ಹೊಡೆಯಲು ಬಾರದ ನಮ್ಮಪ್ಪ!

ಬಳೆಗಾರ ಬಾಯಿ ತೆರೆದು ನೋಡಿದ. ಆಮೇಲೆ ದನಿ ಇಳಿಸಿ ಹೇಳಿದ: “ರಾಯರ, ಹಂಗಾದ್ರ ಅದು ನೀವ ಏನ್ರಿ? ಹಿಂಗ ಬಳಿ ಇಡೂ ಗದಗಿನಾಂವ ಒಬ್ಬ ಇದ್ನಲ್ಲ ಅಂತ ಮುಂಡರಗಿ ಅಗಸಿ ಬಾಜೂಕಿನ ಅಕ್ಕ ಇನ್ನೂ ನಿಮ್ಮನ್ನ ಕೇಳ್ತಾಳ್ರಿ. ಹ್ವಾದಾಗೊಮ್ಮೆ ಕೇಳ್ತಾಳ.”

ಅಪ್ಪ ನನ್ನ ಕೈ ಬಿಟ್ಟು ಸೀದಾ ಬಚ್ಚಲಿಗೆ ಹೋದ. ಆ ಮಾತು ಕೇಳಿದ್ದು ನಾನೊಬ್ಬಳೇ ಅಲ್ಲ. ಅಡುಗೆಮನೆಯ ಬಾಗಿಲಲ್ಲಿ ಅವ್ವ ನಿಂತಿದ್ದಳು. ಹಬ್ಬದ ದಿನ ಎಲ್ಲರಿಗೂ ಬಡಿಸಿದಳು, ತಾನು ಉಣ್ಣಲಿಲ್ಲ. ಕೇಳಿದರೆ “ಹಸಿವಿಲ್ಲ” ಎಂದಳು. ಮರುದಿನವೂ ಹಸಿವಿರಲಿಲ್ಲ.

ನನಗಿಂತ ಎರಡು ವರ್ಷ ದೊಡ್ಡವನಾದ ಅಣ್ಣ ನನ್ನನ್ನು ಹಿತ್ತಲಿಗೆ ಕರೆದೊಯ್ದು ತೀರ್ಪು ಕೊಟ್ಟ: “ಅಪ್ಪಗ ಅಲ್ಲೊಂದು ಮನಿ ಐತಿ. ನಾವು ಹೋಗಿ ಆಕಿನ್ನ ಕೇಳೋಣು.” ಅವ್ವನ ಮುಖ ನೋಡಲಾರದೆ ನಾನೂ ಹೂಂ ಎಂದೆ. ಗೆಳತಿಯ ಮನೆಗೆ ಅಂತೂರ ಬೆಂತೂರಕ್ಕೆ ಹೋಗುತ್ತೇವೆ ಎಂದು ಸುಳ್ಳು ಹೇಳಿ ಮುಂಡರಗಿಯ ಬಸ್ಸು ಹತ್ತಿದೆವು. ಅಣ್ಣನ ಕೈಯಲ್ಲಿ ಅಪ್ಪನ ಕೊಡೆ. ಆಕಾಶದಲ್ಲಿ ಮೋಡವಿರಲಿಲ್ಲ, ಅದು ಆಯುಧ.

“ಯಾರ ಮನಿಗಿ ಹೊಂಟೀರಿ, ಸಣ್ಣವರಿಬ್ಬರ?” ಎಂದ ಕಂಡಕ್ಟರ್.

“ನಮ್ಮವ್ವನ ಸವತಿ ಮನಿಗ್ರಿ” ಎಂದೆ ನಾನು. ನಿಜ ಹೇಳಬೇಕು ಎಂದು ಶಾಲೆಯಲ್ಲಿ ಕಲಿಸಿದ್ದರಲ್ಲ! ಇಡೀ ಬಸ್ಸು ನಮ್ಮ ಕಡೆ ತಿರುಗಿತು. ಡ್ರೈವರನೂ ತಿರುಗಿದ್ದರಿಂದ ಬಸ್ಸು ಸ್ವಲ್ಪ ಹೊಲದ ಕಡೆಗೂ ತಿರುಗಿತು. ಮುಂಡರಗಿಯಲ್ಲಿ ಇಳಿದಾಗ ಒಬ್ಬ ಮುದುಕಿ ನಮ್ಮಿಬ್ಬರ ಕೈಗೂ ಒಂದೊಂದು ಮುಷ್ಟಿ ಶೇಂಗಾ ಹಾಕಿ, ಕಣ್ಣು ಒರೆಸಿಕೊಂಡು ಹೋದಳು.

ಅಗಸೆಯ, ಅಂದರೆ ಊರ ಹೆಬ್ಬಾಗಿಲಿನ, ಪಕ್ಕದ ಮನೆ ಹುಡುಕುವುದೇನೂ ಕಷ್ಟವಾಗಲಿಲ್ಲ. ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು ಐವತ್ತರ ಆಸುಪಾಸಿನ ಒಬ್ಬ ಹೆಂಗಸು. ಹಣೆಯಲ್ಲಿ ಕುಂಕುಮವಿರಲಿಲ್ಲ, ಕೈಯಲ್ಲಿ ಬಳೆಯಿರಲಿಲ್ಲ. ಅಣ್ಣ ಕಿಸೆಯಿಂದ ಚೀಟಿ ತೆಗೆದ. ಗುಮಾಸ್ತನ ಮಗನಲ್ಲವೇ, ಅರ್ಜಿ ಬರೆದುಕೊಂಡೇ ಬಂದಿದ್ದ! “ತಾವು ನಮ್ಮ ತಂದೆಯವರನ್ನು ಈ ಕೂಡಲೇ ನಮಗೆ ಬಿಟ್ಟುಕೊಡಬೇಕಾಗಿ ವಿನಂತಿ” ಎಂದು ಓದಿದ.

“ಯಾರಲೇ ನಿಮ್ಮ ತಂದಿ?”

ಹೆಸರು ಹೇಳಿದೆವು. ಬಳೆ ಇಡಲು ಬರುತ್ತದೆ ಎಂದೂ ಹೇಳಿದೆವು. ಆಕೆ ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ನಗತೊಡಗಿದಳು. ಹಂಚಿನ ಮೇಲಿನ ರೊಟ್ಟಿ ಹೊತ್ತಿತು, ನಗು ನಿಲ್ಲಲಿಲ್ಲ. “ಅಯ್ಯ ನನ ಶಿವನ! ನಾ ಅವನ್ನ ಎಲ್ಲಿ ಕಟ್ಟಿ ಹಾಕೇನ್ರೋ! ಕುಂಡ್ರಿ, ಮೊದಲ ರೊಟ್ಟಿ ತಿನ್ರಿ.”

ಬಿಸಿ ರೊಟ್ಟಿ, ಶೇಂಗಾ ಚಟ್ನಿ ತಿನ್ನುತ್ತ ನಾವು ಕೇಳಿದ ಕಥೆ ಇದು. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ಆದರೆ ಮುಂಡರಗಿಯಿಂದ ಕೂಗಳತೆಯ ಗಡಿಯಾಚೆ ಇನ್ನೂ ಸಂಸ್ಥಾನದ ಆಳ್ವಿಕೆ. ಅಲ್ಲಿಯವರನ್ನು ಬಿಡಿಸಲು ಮುಂಡರಗಿಯಲ್ಲಿ ಶಿಬಿರ ನಡೆದಿತ್ತು. ಗಡಿಯಾಚೆಯ ಹಳ್ಳಿಗಳಿಗೆ ಚೀಟಿ ಒಯ್ಯುವವರು ಬೇಕಾಗಿತ್ತು. ಗಂಡಸರನ್ನು ಗಡಿಯ ತಪಾಸಣೆ ನಾಕೆಯಲ್ಲಿ ತಡೆಯುತ್ತಿದ್ದರು. ಆದರೆ ಬಳೆಗಾರನನ್ನು ಯಾರು ತಡೆಯುತ್ತಾರೆ? ಅವನು ಯಾರ ಮನೆಯ ಅಂಗಳಕ್ಕೂ ಹೋಗಬಹುದು, ಯಾರ ಹೆಂಡತಿಯ ಕೈಯನ್ನೂ ಹಿಡಿಯಬಹುದು!

“ನಿಮ್ಮಪ್ಪನ್ನ ಯಾಕ ಆರಿಸಿದ್ರು ಗೊತ್ತೇನು? ಧೈರ್ಯಾ ನೋಡಿ ಅಲ್ಲ. ಹೂ, ಗಂಧದಾಗ ಆಡಿದ ಕೈ, ಬೆಣ್ಣಿ ಹಂಗ ಇದ್ವು, ಅದಕ್ಕ!” ಎಂದಳು ಆಕೆ. “ಬಳಿ ಇಡಾಕ ಕಲಿಯೂ ಮುಂದ ಈ ಓಣಿ ಹೆಂಗಸ್ರ ಕೈಯೆಲ್ಲ ಗೀರಿದ್ದ.”

ಆಕೆಯ ತವರು ಗಡಿಯಾಚೆ. ಆಕೆ ತವರಿಗೆ ಹೋದ ನೆಪ, ಅಪ್ಪ ಬಳೆ ಇಡಲು ಬಂದ ನೆಪ. ಮೊದಲ ದಿನವೇ ಎದುರು ಕಟ್ಟೆಯ ಮೇಲೆ ಸಂಸ್ಥಾನದ ಪೊಲೀಸ್ ಕುಳಿತಿದ್ದ. ಮಲಾರದೊಳಗೆ ಚೀಟಿ. ಬಳೆ ಇಟ್ಟುಕೊಂಡ ಆಕೆ ರೂಢಿಯಂತೆ ಮಲಾರಕ್ಕೆ ಕೈಮುಗಿದು ಬಾಗಿದಳು. ಬಳೆಗಾರನಾದವನು ಸುಮ್ಮನೆ ನಗಬೇಕು. ಗುಡಿಯಲ್ಲಿ ಬೆಳೆದ ನಮ್ಮಪ್ಪ, ತಲೆ ಬಾಗಿದ್ದು ಕಂಡದ್ದೇ ತಡ, ಬಲಗೈ ಎತ್ತಿ ಗಂಭೀರವಾಗಿ ಅಂದುಬಿಟ್ಟ: “ದೀರ್ಘ ಸುಮಂಗಲೀ ಭವ!”

ಪೊಲೀಸ್ ಎದ್ದು ಬಂದ. “ಮಂತ್ರಾ ಹೇಳೂ ಬಳಿಗಾರ ಯಾವ ಊರಾಂವ?”

“ಗದಗಿನಾಂವ್ರಿ” ಎಂದಳಂತೆ ಈಕೆ. “ಗುಡಿ ಮುಂದ ಅಂಗಡಿ ಐತ್ರಿ. ದಿನಾ ಕೇಳಿ ಕೇಳಿ ಬಾಯಿಗೆ ಬಂದುಬಿಟ್ಟೈತಿ. ಇವನ ಬಾಯಿಂದ ಬಂದದ್ದು ಸುಳ್ಳಾಗೂದಿಲ್ಲಂತ ಹೆಂಗಸ್ರು ಪಾಳಿ ಹಚ್ತಾರ್ರಿ!”

ಪೊಲೀಸ್ ಒಂದು ಗಳಿಗೆ ಯೋಚಿಸಿ, ಮನೆಗೆ ಹೋಗಿ ತನ್ನ ಹೆಂಡತಿಯನ್ನೇ ಕರೆದುಕೊಂಡು ಬಂದ. ಅಪ್ಪ ಆಕೆಗೂ ಬಳೆ ಇಟ್ಟು, ನಡುಗುವ ದನಿಯಲ್ಲಿ ಅರ್ಧ ಪೂಜೆಯನ್ನೇ ಹೇಳಿ ಮುಗಿಸಿದ. ಅಷ್ಟರಲ್ಲಿ ಚೀಟಿ ಹಿತ್ತಲ ಬಾಗಿಲಿನಿಂದ ಸೇರಬೇಕಾದಲ್ಲಿಗೆ ಸೇರಿತ್ತು!

ನಾವು ನಕ್ಕು ನಕ್ಕು ಸುಸ್ತಾದೆವು. ನಮ್ಮಪ್ಪ ಎಂಬುವನು ಒಬ್ಬ ವೀರ! “ಮತ್ತ ಅಪ್ಪ ಈಗ್ಯಾಕ ಇಲ್ಲಿಗೆ ಬರೂದಿಲ್ಲ?” ಎಂದು ಕೇಳಿದೆ.

ಆಕೆಯ ನಗು ನಿಂತಿತು. “ಅದು ನಿಮಗ ಹೇಳೂ ಮಾತಲ್ಲ ಕೂಸ. ಅವಗ ಹೇಳೂದೈತಿ. ಕರಕೊಂಡ್ ಬರ್ರಿ” ಎಂದಳು.

ಸಂಜೆ ಮನೆಗೆ ಬಂದು ಎಲ್ಲವನ್ನೂ ಒಪ್ಪಿಸಿದೆವು. ಅಪ್ಪ ಈ ಸಲ ಸ್ನಾನಕ್ಕೆ ಏಳಲಿಲ್ಲ. ಅವ್ವ ಮಾತ್ರ ಸೊಂಟಕ್ಕೆ ಕೈಯಿಟ್ಟು ನಿಂತಳು. “ನೌಕರಿಗೆ ಹತ್ತೂ ಮೊದಲ, ಲಕ್ಷ್ಮೇಶ್ವರದಾಗ ಪೂಜಿಗೆ ಹಚ್ಯಾರ ಅಂತ ಹೇಳಿ ಆರ್ ತಿಂಗಳ ಹೋಗಿದ್ರಿ. ಒಂದ್ ದಿನಾ ಪ್ರಸಾದ ತರಲಿಲ್ಲ. ನಾ ಏನೇನ್ ತಿಳಕೊಂಡಿದ್ದೆ ನಿಮಗೇನ್ ಗೊತ್ತು? ಈಗರ ಹೇಳ್ರಿ, ಆಕಿಗೆ ನೀವೇನ್ ಮಾಡಿರಿ?”

ಅಪ್ಪ ನೆಲ ನೋಡುತ್ತ ಹೇಳಿದ. ಆ ಅಕ್ಕನ ಗಂಡನೂ ಶಿಬಿರದಲ್ಲಿದ್ದ. ಗಡಿ ದಾಟುವಾಗ ಗುಂಡು ಬಿದ್ದು ತೀರಿಕೊಂಡ. ಮನೆಗೆ ಸುದ್ದಿ ಮುಟ್ಟಿಸು ಎಂದು ಶಿಬಿರದವರು ಅಪ್ಪನನ್ನೇ ಕಳಿಸಿದರು. ಅಪ್ಪ ಮಲಾರ ಹೊತ್ತೇ ಹೋದ. ಆಕೆ ಓಡಿ ಬಂದು ಎರಡೂ ಕೈ ಮುಂದೆ ಚಾಚಿದಳು, “ಹಸರ ಬಳಿ ಇಡು ತಮ್ಮಾ, ಅವರು ಬರೂ ಹೊತ್ತಾತು” ಎಂದಳು.

“ಬಾಯಿ ಬಿಡಾಕ ಆಗಲಿಲ್ಲ. ಬಳಿ ಇಟ್ಟೆ. ಆಕಿ ಬಾಗಿದ್ಲು. ರೂಢಿ ನೋಡು, ಬಾಯಿ ತಾನ ಅಂದುಬಿಡ್ತು. ಗಂಡನ್ನ ಕಳಕೊಂಡಾಕಿಗೆ ದೀರ್ಘ ಸುಮಂಗಲಿ ಅಂದು, ಸುದ್ದಿ ಹೇಳಲಾರದ ಓಡಿ ಬಂದೇನಿ. ಆ ಊರ ಹೆಸರು ಕೇಳಿದ್ರ ಸಾಕು, ಮೈಲಿಗಿ ಆದಂಗ ಆಕ್ಕೈತಿ, ಮೀಯಾಕ ಏಳ್ತೇನಿ. ಯಾವ ಮುಖಾ ಇಟ್ಕೊಂಡ್ ಆ ಊರಿಗೆ ಹೋಗ್ಲಿ?”

ಅವ್ವ ಸೊಂಟದ ಮೇಲಿನ ಕೈ ಕೆಳಗಿಳಿಸಿದಳು. ಆಮೇಲೆ “ಇದ ಮುಖಾ ಇಟ್ಕೊಂಡ್ ಹೋಗೂದು. ಮುಂಜಾನೆ ಮೊದಲನೇ ಬಸ್ಸಿಗೆ” ಎಂದಳು. ಅಂದು ರಾತ್ರಿ ನಮ್ಮ ಜೊತೆ ಕುಳಿತು ಉಂಡಳು.

ಮರುದಿನ ಆ ಮನೆಯ ಮುಂದೆ ಅಪ್ಪನ ಕಾಲು ಮುಂದಕ್ಕೆ ಬರಲಿಲ್ಲ. ಆಕೆಯೇ ಹೊರಗೆ ಬಂದಳು.

“ಅಕ್ಕಾ, ನಾ ಅವತ್ತ…”

“ಗೊತ್ತೈತೋ ತಮ್ಮಾ. ನೀ ಹ್ವಾದ ಎಂಟ್ ದಿನಕ್ಕ ಸುದ್ದಿ ಬಂತು. ನಿನಗ ಮೊದಲ ಗೊತ್ತಿತ್ತು ಅನ್ನೂದೂ ತಿಳೀತು. ಬೈದೆ, ಶಾಪಾ ಹಾಕಿದೆ. ಆಮ್ಯಾಲ ಕುಂತು ಎಣಿಸಿದೆ. ಆ ಎಂಟ್ ದಿನ ನಾ ಏನ್ ಮಾಡಿದ್ದೆ? ಅವರು ಬರ್ತಾರಂತ ಅಂಗಳ ಸಾರಿಸಿದೆ. ಹಾಡಕೋತ ರೊಟ್ಟಿ ಬಡದೆ. ದಿನಾ ಅವರ ಪಾಲಿಂದು ಎರಡ್ ತಗದ್ ಇಟ್ಟೆ. ಆ ಗುಂಡು ನನ್ನ ಸಂಸಾರ ಮುಗಸಿದ ಮ್ಯಾಲೂ ಎಂಟ್ ದಿನ ನಾ ಅವರ ಜೋಡಿ ಸಂಸಾರ ಮಾಡೇನಿ. ಅದನ್ನ ಕೊಟ್ಟಾಂವ ನೀನು. ಇಷ್ಟು ಹೇಳಾಕ ಒಂಬತ್ತು ವರ್ಷ ನಿನ್ನ ಹಾದಿ ನೋಡೇನಿ.”

ಅಪ್ಪ ಆಕೆಯ ಹೊಸ್ತಿಲ ಮೇಲೆ ಕುಳಿತು ದನಿ ತೆಗೆದು ಅತ್ತ. ಓಣಿಯ ಜನ ನೋಡುತ್ತಿದ್ದಾರೆ ಎಂಬ ಅಂಜಿಕೆ ಕೂಡ ಅವನಿಗೆ ಆಗ ಇರಲಿಲ್ಲ. ಆಕೆ ಅವನ ಪಕ್ಕದಲ್ಲೇ ಕುಳಿತುಕೊಂಡಳು. ಅವ್ವ ಒಳಗೆ ಹೋಗಿ, ಯಾರನ್ನೂ ಕೇಳದೆ, ಅರ್ಧಕ್ಕೆ ಬಿಟ್ಟಿದ್ದ ಆಕೆಯ ರೊಟ್ಟಿ ಬಡಿಯತೊಡಗಿದಳು.